ತಿದ್ದುವ ಮಾತು, ಕೊಳ್ಳುವ ಆಸೆ: ಹವ್ಯಾಸಿ ಛಾಯಾಗ್ರಹಣದಲ್ಲಿ ಸಲಹೆಯ ಧರ್ಮ

ಯಾದಗಿರಿ ತಾಲ್ಲೂಕಿನ ಹತ್ತಿಕುಣಿ ಜಲಾಶಯದ ದಂಡೆ, ಸುರಪುರದ ಸಮೀಪದ ಬೋನಾಳ ಪಕ್ಷಿಧಾಮ, ಶಹಾಪುರದ ಬೆಟ್ಟಸಾಲು, ಯಾದಗಿರಿಯ ಕೋಟೆ ಇವೆಲ್ಲ ಹವ್ಯಾಸಿ ಛಾಯಾಗ್ರಾಹಕರಿಗೆ, ಅಂದರೆ ಚಿತ್ರ ತೆಗೆಯುವುದನ್ನು ಹೊಟ್ಟೆಪಾಡಿಗಾಗಿ ಅಲ್ಲದೆ ಒಲವಿನಿಂದ ನಡೆಸುವವರಿಗೆ, ತಾವಾಗಿಯೇ ಒದಗಿಬಂದ ಕಲಿಕೆಯ ನೆಲೆಗಳು. ಇಂಥವರು ಒಬ್ಬರಿಗೊಬ್ಬರು ಚಿತ್ರ ತೋರಿಸಿಕೊಂಡಾಗ ಎರಡು ಪ್ರಶ್ನೆಗಳು ತಪ್ಪದೆ ಹುಟ್ಟುತ್ತವೆ: ಚಿತ್ರ ಹೇಗೆ ಬಂದಿದೆ ಎಂಬುದು ಒಂದು, ಇನ್ನೂ ಚೆನ್ನಾಗಿ ಬರಬೇಕಾದರೆ ಯಾವ ಕ್ಯಾಮೆರಾ, ಯಾವ ಲೆನ್ಸ್ ಕೊಳ್ಳಬೇಕು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಎರಡೂ ಬರಿಯ ತಾಂತ್ರಿಕ ಪ್ರಶ್ನೆಗಳಂತೆ ತೋರಿದರೂ, ಮೊದಲನೆಯದಕ್ಕೆ ಉತ್ತರಿಸುವವನು ಇನ್ನೊಬ್ಬನ ಮನಸ್ಸನ್ನು ಮುಟ್ಟುತ್ತಾನೆ, ಎರಡನೆಯದಕ್ಕೆ ಉತ್ತರಿಸುವವನು ಅವನ ಆಸೆಯನ್ನೂ ಗಂಟನ್ನೂ ಮುಟ್ಟುತ್ತಾನೆ. ಆದ್ದರಿಂದ ಮೊದಲನೆಯದು ವಾಕ್ಕಿನ ಧರ್ಮಕ್ಕೆ, ಎರಡನೆಯದು ಪರಿಗ್ರಹದ, ಅಂದರೆ ವಸ್ತುಗಳನ್ನು ಕೂಡಿಟ್ಟುಕೊಳ್ಳುವ ಬಯಕೆಯ, ವಿಚಾರಕ್ಕೆ ಸೇರುತ್ತದೆ. ಸಲಹೆಯು ಕೇಳಿದವನ ನೋಟವನ್ನು ಬೆಳೆಸಿದಾಗ ಮಾತ್ರ ಧರ್ಮವೆನಿಸುತ್ತದೆ, ಅವನ ಆಸೆಯನ್ನಷ್ಟೇ ಬೆಳೆಸಿದಾಗ ಆ ಹೆಸರಿಗೆ ಅನರ್ಹವಾಗುತ್ತದೆ ಎಂಬುದು ಇಲ್ಲಿ ಸ್ಥಾಪಿಸಬೇಕಾದ ಮಾತು. ಅದನ್ನು ಅಳೆಯುವ ಮಾನಗಳು ಬಹುಮಟ್ಟಿಗೆ ಇದೇ ಸೀಮೆಯ ಶಾಸನ, ವಚನ ಮತ್ತು ಶ್ರಾವಕಾಚಾರ ಪರಂಪರೆಗಳಲ್ಲಿಯೇ ದೊರೆಯುತ್ತವೆ.

ಬಿಡುವಿನ ವೇಳೆಯ ಒಂದು ಸಂತೋಷಕ್ಕೆ ಧರ್ಮಜಿಜ್ಞಾಸೆಯ ಭಾರವನ್ನು ಹೊರಿಸುವುದೇಕೆ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಆದರೆ ವೃತ್ತಿನಿರತ ಛಾಯಾಗ್ರಾಹಕನಿಗೆ ತನ್ನ ಕೆಲಸದ ಬೆಲೆ ಹಣದ ರೂಪದಲ್ಲಿ ತಿಳಿಯುತ್ತದೆ. ಮದುವೆಯ ಚಿತ್ರಗಳನ್ನು ತೆಗೆದವನಿಗೆ ಸಂಭಾವನೆ ಸಂದರೆ, ಒಂದಿಬ್ಬರು ಹಳಿದರೂ ಅವನ ನೆಲೆ ಅಲುಗುವುದಿಲ್ಲ. ಹವ್ಯಾಸಿಗೆ ಅಂಥ ಆಧಾರವಿಲ್ಲ. ಅವನಿಗೆ ಸಿಗುವ ಫಲವೆಲ್ಲ ತನ್ನ ಒಳಗಿನ ತೃಪ್ತಿ ಮತ್ತು ಜೊತೆಗಾರರ ಮಾತು ಇವೆರಡರಲ್ಲೇ ಅಡಗಿರುವುದರಿಂದ, ಜೊತೆಗಾರನ ಒಂದು ಮಾತು ಅವನನ್ನು ವರ್ಷಗಟ್ಟಲೆ ಮುಂದಕ್ಕೆ ನಡೆಸಬಹುದು, ಅಥವಾ ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವಂತೆ ಮಾಡಬಹುದು. ಮಾತಿಗೆ ಇಷ್ಟು ಬಲವಿರುವ ಕಡೆ ಮಾತನಾಡುವವನ ಹೊಣೆಯೂ ಅಷ್ಟೇ ದೊಡ್ಡದಾಗಿರುತ್ತದೆ.

ಈ ಹವ್ಯಾಸಕ್ಕೂ ಈ ಸೀಮೆಗೂ ಇರುವ ನಂಟು ಹಳೆಯದು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್, ಮುಂದೆ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಛಾಯಾಚಿತ್ರ ಗ್ರಂಥಕ್ಕೆ ಚಾರಿತ್ರಿಕ ವಿವರಣೆಯನ್ನು ಬರೆದನು. ಕನ್ನಡನಾಡಿನ ದೇವಾಲಯಗಳನ್ನು ವಿಸ್ತಾರವಾಗಿ ತೋರಿಸಿದ ಆ ಗ್ರಂಥದ ಚಿತ್ರಗಳನ್ನು ತೆಗೆದವರು ಪಿಗೂ, ನೀಲ್ ಮತ್ತು ಬಿಗ್ಸ್ ಎಂಬ ಮೂವರು. ಮೊದಲಿಬ್ಬರು ವೃತ್ತಿಯಿಂದ ವೈದ್ಯರು, ಮೂರನೆಯವನು ಫಿರಂಗಿ ದಳದ ಅಧಿಕಾರಿ. ಸರ್ಕಾರದ ನಿಯೋಜನೆ ಅವರಲ್ಲಿ ಕೆಲವರಿಗೆ ದೊರೆತಿದ್ದರೂ, ಛಾಯಾಗ್ರಹಣ ಅವರಿಗೆ ಮೂಲವೃತ್ತಿಯ ಪಕ್ಕದಲ್ಲಿ ಬೆಳೆದ ಒಲವಾಗಿತ್ತು. ನೆಗೆಟಿವನ್ನು ಕಾಗದದ ಮೇಲೋ ಗಾಜಿನ ಮೇಲೋ ತಾವೇ ರಾಸಾಯನಿಕ ಲೇಪಿಸಿ ಸಿದ್ಧಮಾಡಿಕೊಳ್ಳಬೇಕಿದ್ದ, ಒಂದೊಂದು ಚಿತ್ರಕ್ಕೂ ದೀರ್ಘಕಾಲ ಬೆಳಕುಣಿಸಬೇಕಿದ್ದ ಆ ಕಾಲದ ಸಲಕರಣೆಯಿಂದ ಅವರು ಪಡೆದ ಫಲವನ್ನು ಇಂದಿನ ಇತಿಹಾಸಕಾರರೂ ಬಳಸುತ್ತಿದ್ದಾರೆ. ಅನಂತರದ ಕಾಲದಲ್ಲಿ ಹವ್ಯಾಸಿಗಳ ಪರಸ್ಪರ ವಿಮರ್ಶೆಗೆ ಸಾಂಸ್ಥಿಕ ರೂಪವೂ ಬಂದಿತು: 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಸ್ಥಾಪನೆಯಾಯಿತು, 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೊಟೊಗ್ರಾಫಿಕ್ ಸೊಸೈಟಿ ಹುಟ್ಟಿತು, ಸಲೋನ್ ಎಂದು ಕರೆಯಲಾಗುವ ಸ್ಪರ್ಧಾ ಪ್ರದರ್ಶನಗಳಲ್ಲಿ ತೀರ್ಪುಗಾರರು ಅಂಕ ನೀಡುವ ಪದ್ಧತಿ ಬೇರೂರಿತು. ಆದರೆ ಅಂಕ ಕೊಡುವ ತೀರ್ಪುಗಾರನ ಹೊಣೆ ಚಿತ್ರಕ್ಕೆ ಸೀಮಿತವಾದುದು. ಜಲಾಶಯದ ದಂಡೆಯಲ್ಲಿ ಪಕ್ಕದಲ್ಲೇ ಕುಳಿತ ಗೆಳೆಯನ ಹೊಣೆ ಚಿತ್ರ ತೆಗೆದವನಿಗೂ ಹರಡಿಕೊಳ್ಳುತ್ತದೆ.

ಸಲಹೆಯ ಮೊದಲ ಕರ್ತವ್ಯ ನಿಜವಾದ ಕಾರಣವನ್ನು ಹುಡುಕುವುದು. ನ್ಯಾಯದರ್ಶನವು ಕಾರಣಗಳ ವಿಚಾರದಲ್ಲಿ ಮಡಕೆಯ ಉದಾಹರಣೆಯನ್ನು ಮತ್ತೆ ಮತ್ತೆ ಬಳಸುತ್ತದೆ: ಮಣ್ಣು ಸಮವಾಯಿ ಕಾರಣ, ಅಂದರೆ ಕಾರ್ಯವು ಯಾವುದರಲ್ಲಿ ನೆಲೆಸಿರುತ್ತದೆಯೋ ಅದು, ಕುಂಬಾರ, ತಿಗರಿ, ಕೋಲು ಇವು ನಿಮಿತ್ತ ಕಾರಣಗಳು, ಮಣ್ಣು ಹೊತ್ತು ತಂದ ಕತ್ತೆಯಾದರೋ ಮಡಕೆಗಿಂತ ಮೊದಲೇ ಅಲ್ಲಿದ್ದರೂ ಅದು ಅನ್ಯಥಾಸಿದ್ಧ, ಅಂದರೆ ಜೊತೆಗಿದ್ದ ಮಾತ್ರಕ್ಕೆ ಕಾರಣವೆನಿಸಿಕೊಳ್ಳಲಾರದ್ದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವೂ ಯಾವುದೇ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಹೇಳುತ್ತದೆ: ಭಾಷ್ಯಕಾರರು ದೇಹವೆಂದು ಅರ್ಥೈಸುವ ಅಧಿಷ್ಠಾನ, ಮಾಡುವವನಾದ ಕರ್ತೃ, ಸಾಧನಗಳಾದ ಕರಣಗಳು, ಬಗೆಬಗೆಯ ಪ್ರಯತ್ನಗಳು, ಐದನೆಯದಾಗಿ ಮನುಷ್ಯನ ಕೈಗೆ ಸಿಗದ ದೈವ. ಈ ಐದನ್ನು ಒಂದು ಛಾಯಾಚಿತ್ರಕ್ಕೆ ಅನ್ವಯಿಸಿ ನೋಡಿದರೆ ನಿಲುವು, ನೋಡುವವನು, ಕ್ಯಾಮೆರಾ, ಅಭ್ಯಾಸ, ಆ ಹೊತ್ತಿನ ಬೆಳಕು ಎಂದು ಅವು ಸಾಕಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಆತುರದ ಸಲಹೆಗಾರನು ಮಾಡುವ ತಪ್ಪೆಂದರೆ, ಐದರಲ್ಲಿ ಒಂದಾದ ಕರಣವನ್ನು ಮಾತ್ರ ಹಿಡಿದುಕೊಂಡು ಉಳಿದ ನಾಲ್ಕನ್ನು ವಿಚಾರಿಸದೆ ಬಿಡುವುದು.

ಇದನ್ನು ಹತ್ತಿಕುಣಿಯ ಸಂದರ್ಭದಲ್ಲಿಯೇ ಪರೀಕ್ಷಿಸಬಹುದು. ಬೇಸಗೆಯಲ್ಲಿ ಯಾದಗಿರಿಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸನ್ನು ಸುಲಭವಾಗಿ ದಾಟುತ್ತದೆ. ಅಂಥ ದಿನದ ಮಧ್ಯಾಹ್ನ ಕಾದ ನೆಲದ ಮೇಲಿನ ಗಾಳಿ ಪದರಪದರವಾಗಿ ಅಲುಗುತ್ತಿರುವಾಗ, ಜಲಾಶಯದ ಆಚೆ ದಡದಲ್ಲಿ ನಿಂತ ಕೊಕ್ಕರೆಯನ್ನು 500 ಮಿಲಿಮೀಟರ್‌ನ ಟೆಲಿ ಲೆನ್ಸಿನಲ್ಲಿ ತೆಗೆದರೆ ಚಿತ್ರ ಮಬ್ಬಾಗಿಯೇ ಬರುತ್ತದೆ. ಕಾರಣ ಬಿಸಿಗಾಳಿಯಲ್ಲಿ ಬೆಳಕು ಬಾಗುವುದು. ಎಷ್ಟು ದುಬಾರಿಯ ಲೆನ್ಸೂ ಅದನ್ನು ತಡೆಯಲಾರದು, ಮುಂಜಾನೆ ಬರುವುದು ಅಥವಾ ಹಕ್ಕಿಗೆ ತೊಂದರೆಯಾಗದಷ್ಟು ದೂರವನ್ನು ಉಳಿಸಿಕೊಂಡು ನಡುವಿನ ಅಂತರವನ್ನು ತಗ್ಗಿಸುವುದು ಮಾತ್ರ ಅದಕ್ಕೆ ಮದ್ದು. ಮಬ್ಬಿಗೆ ಬೇರೆ ಕಾರಣಗಳೂ ಉಂಟು. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರ್ ವೇಗವು, ಅಂದರೆ ಬೆಳಕನ್ನು ಒಳಬಿಡುವ ಅವಧಿಯು, ಲೆನ್ಸಿನ ನಾಭಿದೂರಕ್ಕೆ ಸರಿಯಾಗಿ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ನಿಧಾನವಾಗಿದ್ದರೆ ಕೈಯ ನಡುಕ ಚಿತ್ರಕ್ಕಿಳಿಯುತ್ತದೆ. ಅಪರ್ಚರನ್ನು, ಅಂದರೆ ಬೆಳಕಿನ ಕಂಡಿಯನ್ನು, ಎಫ್ 22ರಂಥ ಅತಿ ಕಿರಿದಾದ ಅಳತೆಗೆ ಇಳಿಸಿದರೆ ಬೆಳಕಿನ ವಿವರ್ತನೆಯಿಂದ ಗೆರೆಗಳ ಚೂಪು ಕಳೆಯುತ್ತದೆ. ಫೋಕಸ್ ಹಕ್ಕಿಯ ಕಣ್ಣನ್ನು ಬಿಟ್ಟು ಮುಂದಿನ ಜೊಂಡಿನ ಮೇಲೆ ನಿಂತಿರಬಹುದು. ಲೆನ್ಸಿನ ಮುಂದಿನ ಅಗ್ಗದ ಫಿಲ್ಟರಿನ ಮೇಲೆ ಧೂಳು ಕೂತಿರಬಹುದು. ಚಿತ್ರದ ಚಿಕ್ಕ ಮೂಲೆಯೊಂದನ್ನೇ ಕತ್ತರಿಸಿ ಹಿಗ್ಗಿಸಿರಬಹುದು. ಇಷ್ಟನ್ನೂ ಒಂದೊಂದಾಗಿ ಕೇಳಿ ತಳ್ಳಿಹಾಕಿದ ಮೇಲೆ ಉಳಿಯುವುದು ಲೆನ್ಸಿನ ದೋಷ. ಹೀಗೆ ವಿಚಾರಿಸದೆ ‘ನಿಮ್ಮ ಲೆನ್ಸ್ ಸರಿಯಿಲ್ಲ, ಬದಲಿಸಿ’ ಎಂದವನು ಕುಂಬಾರನನ್ನೂ ಮಣ್ಣನ್ನೂ ನೋಡದೆ ಕತ್ತೆಯನ್ನು ಮಾರಿಸಿದಂತಾಗುತ್ತದೆ. ಇಂಥ ಮಾತು ಸುಳ್ಳಾಡುವ ಇಚ್ಛೆಯಿಂದ ಹುಟ್ಟದಿದ್ದರೂ, ಪ್ರಮಾಣವಿಲ್ಲದೆ ನಿಶ್ಚಯವಾಗಿ ಹೇಳಿದ್ದರಿಂದ ಸತ್ಯದ ಶೀಲವನ್ನು ಅದು ಮೀರುತ್ತದೆ.

ಕಾರಣದ ವಿಚಾರಕ್ಕೆ ಅಂಟಿಕೊಂಡಿರುವ ಇನ್ನೊಂದು ಪ್ರಶ್ನೆ ದೃಷ್ಟಿಕೋನದ್ದು. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುವುದು ಪ್ರಸಿದ್ಧವಾದ ಸಂಗತಿ. ಆದರೆ ಆ ರೂಪ ಎಲ್ಲ ಕಡೆಯಿಂದ ಕಾಣುವುದಿಲ್ಲ, ತಕ್ಕ ಜಾಗದಲ್ಲಿ ನಿಂತವನಿಗೆ ಮುಖ, ಎದೆ, ಪಾದಗಳಾಗಿ ಕೂಡಿಬರುವ ಬಂಡೆಗಳು ಅಲ್ಲಿಂದ ಸರಿದವನಿಗೆ ಬರಿಯ ಬಂಡೆಗಳಾಗಿಯೇ ಉಳಿಯುತ್ತವೆ. ಛಾಯಾಗ್ರಹಣದ ಮೂಲಸೂತ್ರವೊಂದು ಇಲ್ಲಿ ಕಣ್ಣೆದುರಿಗಿದೆ: ವಸ್ತುಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡು ಕಾಣುತ್ತವೆ ಎಂಬುದನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಸ್ಥಳ, ಲೆನ್ಸನ್ನು ಬದಲಿಸಿದರೆ ಆ ನೋಟದ ಹರವು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ವಸ್ತುಗಳ ಪರಸ್ಪರ ಸಂಬಂಧ ಬದಲಾಗುವುದಿಲ್ಲ. ಹೊಸ ನಿಲುವನ್ನು ಯಾವ ಅಂಗಡಿಯೂ ಮಾರುವುದಿಲ್ಲ, ಅದಕ್ಕೆ ನಡೆಯಬೇಕು. ಜೈನದರ್ಶನವು ಇದೇ ಸಂಗತಿಯನ್ನು ಅರಿವಿನ ಮಟ್ಟದಲ್ಲಿ ಅನೇಕಾಂತವೆಂದು ನಿರೂಪಿಸಿದೆ. ವಸ್ತುವಿಗೆ ಅನಂತ ಧರ್ಮಗಳಿದ್ದು, ಒಂದು ನಯ, ಅಂದರೆ ಒಂದು ನಿಲುವಿನಿಂದ ಪಡೆದ ಅರಿವು, ಅವುಗಳಲ್ಲಿ ಕೆಲವನ್ನು ಮಾತ್ರ ಹಿಡಿಯುತ್ತದೆ. ಇತರ ನಿಲುವುಗಳನ್ನು ಅಲ್ಲಗಳೆಯದಿರುವವರೆಗೆ ಅದು ಸುನಯ, ತಾನೊಂದೇ ಸರಿಯೆಂದು ಹಟ ಹಿಡಿದಾಗ ದುರ್ನಯ. ಚಿತ್ರವನ್ನು ವಿಮರ್ಶಿಸುವವನು ಹಕ್ಕಿಯ ರೆಕ್ಕೆಯ ಪ್ರತಿ ಎಳೆಯೂ ಸ್ಪಷ್ಟವಾಗಿರಬೇಕೆಂಬ ನಿಲುವಿನವನಾಗಿರಬಹುದು, ತೆಗೆದವನು ನೀರಿನ ಹರವಿನಲ್ಲಿ ಹಕ್ಕಿಯ ಒಂಟಿತನವನ್ನು ಹಿಡಿಯಲು ಹೊರಟಿರಬಹುದು. ಏನನ್ನು ಹಿಡಿಯಲು ಹೊರಟಿದ್ದಿರಿ ಎಂದು ಕೇಳದೆ ಆರಂಭವಾದ ವಿಮರ್ಶೆಯು ಬೇರೊಬ್ಬರ ಚಿತ್ರದಲ್ಲಿ ತನ್ನ ಚಿತ್ರವನ್ನು ಹುಡುಕುತ್ತದೆ.

ಹಾಗಾದರೆ ಎಲ್ಲವೂ ಅವರವರ ನೋಟಕ್ಕೆ ಬಿಟ್ಟದ್ದು, ವಿಮರ್ಶೆಯೇ ಬೇಡ ಎಂದು ತೀರ್ಮಾನಿಸಬಹುದೇ? ಅನೇಕಾಂತವನ್ನು ಹಾಗೆ ಸಡಿಲಗೊಳಿಸುವುದು ತಪ್ಪು. ವಿಮರ್ಶೆಯ ಅಗತ್ಯ ಹುಟ್ಟುವುದೇ ಚಿತ್ರ ತೆಗೆದವನ ಕಣ್ಣಿಗೆ ಇರುವ ಒಂದು ಸಹಜ ಅಡ್ಡಿಯಿಂದ. ರಸಾನುಭವಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತನು, ತನ್ನದೇ ಸುಖದುಃಖಗಳಲ್ಲಿ ಮುಳುಗಿರುವಿಕೆಯನ್ನೂ ಒಂದು ವಿಘ್ನವೆಂದು ಹೇಳುತ್ತಾನೆ. ನಸುಕಿನಲ್ಲಿ ಎದ್ದು, ಕೆಸರಿನಲ್ಲಿ ಮಂಡಿಯೂರಿ, ಕೊನೆಗೊಮ್ಮೆ ದೊರೆತ ಚಿತ್ರವನ್ನು ನೋಡುವಾಗ ಅದನ್ನು ತೆಗೆದವನಿಗೆ ಆ ಶ್ರಮವೂ ಆ ಗಳಿಗೆಯ ಉಲ್ಲಾಸವೂ ಸೇರಿಯೇ ಕಾಣುತ್ತವೆ. ನೋಡುವವನಿಗೆ ಅವಾವುವೂ ಇಲ್ಲ, ಚೌಕಟ್ಟಿನೊಳಗೆ ಇಳಿದಷ್ಟು ಮಾತ್ರವೇ ಇದೆ. ಈ ಅಂತರವನ್ನು ತಿಳಿಸಿಕೊಡಬಲ್ಲವನು ಹೊರಗಿನ ಸಹೃದಯನೊಬ್ಬನೇ. ಯಾದಗಿರಿಗೆ ದೂರವಲ್ಲದ ಮಳಖೇಡದಲ್ಲಿ, ಅಂದಿನ ರಾಷ್ಟ್ರಕೂಟರ ರಾಜಧಾನಿಯಲ್ಲಿ, ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನಿಂದ ರೂಪುಗೊಂಡ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನೇ ದೋಷ ಮತ್ತು ಅದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿದೆ. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವೇ, ಇತರ ರಚನಕಾರರಿಗೆ ಎಲ್ಲಿ ಎಡವುತ್ತಾರೆಂದು ತೋರಿಸಿಕೊಡುವ ಗ್ರಂಥವಾಗಿರುವಾಗ, ದೋಷವನ್ನು ಹೇಳುವುದೇ ಹಿಂಸೆಯೆಂಬ ವಾದಕ್ಕೆ ಈ ನೆಲದಲ್ಲಿ ಬಲ ಸಿಗುವುದಿಲ್ಲ. ಅಲ್ಲಿ ದೋಷದ ಜೊತೆಗೇ ಅದೋಷದ ವಿಚಾರವೂ ಇರುವುದು ಗಮನಾರ್ಹ: ಯಾವುದು ದೋಷದಂತೆ ಕಂಡರೂ ದೋಷವಲ್ಲ ಎಂಬುದನ್ನು ತಿಳಿಯದವನು ದೋಷ ಹೇಳಲು ಅರ್ಹನಾಗಲಾರ.

ಹೇಳಬೇಕಾದುದು ಇದೆಯೆಂದು ಒಪ್ಪಿದ ಮೇಲೆ ಹೇಗೆ ಹೇಳಬೇಕೆಂಬ ಪ್ರಶ್ನೆ ಬರುತ್ತದೆ, ಇದಕ್ಕೆ ಈ ಸೀಮೆಯ ಅತ್ಯಂತ ಹಳೆಯ ಉತ್ತರ ಕಲ್ಲಿನ ಮೇಲಿದೆ. ಯಾದಗಿರಿ ಜಿಲ್ಲೆಗೆ ಹೊಂದಿಕೊಂಡಂತೆ ಭೀಮಾತೀರದಲ್ಲಿರುವ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಪತ್ತೆಯಾದವು. ಅವುಗಳಲ್ಲಿ ಒಂದು ಹನ್ನೆರಡನೆಯ ಬಂಡೆ ಶಾಸನ. ಬೇರೆ ಬೇರೆ ಧಾರ್ಮಿಕ ಪಂಥಗಳವರು ಹೇಗೆ ಬಾಳಬೇಕೆಂಬುದು ಅದರ ವಿಷಯ. ದಾನಕ್ಕಿಂತಲೂ ಪೂಜೆಗಿಂತಲೂ ಎಲ್ಲ ಪಂಥಗಳ ಸಾರವೃದ್ಧಿ, ಅಂದರೆ ತಿರುಳಿನ ಬೆಳವಣಿಗೆ, ದೊಡ್ಡದೆಂದೂ, ಅದರ ಬೇರು ಮಾತಿನ ಸಂಯಮವೆಂದೂ, ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳುವುದಾಗಲಿ ಪರರದನ್ನು ತೆಗಳುವುದಾಗಲಿ ಸಲ್ಲದೆಂದೂ, ಸಂದರ್ಭವಿದ್ದಾಗಲೂ ಅದು ಮಿತವಾಗಿರಬೇಕೆಂದೂ, ಪರಸ್ಪರರ ಧರ್ಮವನ್ನು ಕಿವಿಗೊಟ್ಟು ಕೇಳಬೇಕೆಂದೂ ಅದರ ಆಶಯ. ಕ್ಯಾನನ್, ನಿಕಾನ್, ಸೋನಿ ಎಂದು ಕಂಪನಿಯ ಹೆಸರಿನ ಮೇಲೆ ಪಂಥಗಳಾಗಿ ಒಡೆದುಕೊಳ್ಳುವ ಹವ್ಯಾಸಿಗಳಿಗೆ ಈ ಶಾಸನವನ್ನು ಅನ್ವಯಿಸಿದರೆ ನಗೆ ಬರಬಹುದಾದರೂ, ಅದರ ತರ್ಕ ಇಲ್ಲಿಯೂ ಹಾಗೆಯೇ ನಿಲ್ಲುತ್ತದೆ. ತಾನು ಕೊಂಡದ್ದನ್ನೇ ಎಲ್ಲರೂ ಕೊಳ್ಳಲೆಂದು ಬಯಸುವವನು ಕೇಳಿದವನ ಅಗತ್ಯವನ್ನು ವಿಚಾರಿಸುತ್ತಿರುವುದಿಲ್ಲ, ತನ್ನ ಆಯ್ಕೆಗೆ ಸಾಕ್ಷಿಗಳನ್ನು ಕೂಡಿಸುತ್ತಿರುತ್ತಾನೆ. ಸಾರವೃದ್ಧಿಯ ಮಾನದಿಂದ ಅಳೆದಾಗ, ಚಿತ್ರದ ಯಾವ ಅಂಶವನ್ನೂ ಬೆಳೆಸದ ಅಂಥ ಮಾತು ಹೊಗಳಿಕೆಯಾಗಿದ್ದರೂ ಹೊಟ್ಟು, ತೆಗಳಿಕೆಯಾಗಿದ್ದರೂ ಹೊಟ್ಟು.

ಸಂಯಮವೆಂದರೆ ಸವಿಮಾತನ್ನಷ್ಟೇ ಆಡುವುದೆಂದು ತಿಳಿಯಬಾರದು. ಪಾಲಿ ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ಬುದ್ಧನು ಮಾತನ್ನು ನಿಜ, ಹಿತ, ಪ್ರಿಯ ಎಂಬ ಮೂರು ನೆಲೆಗಳಿಂದ ವಿಂಗಡಿಸುತ್ತಾನೆ. ನಿಜವಲ್ಲದ ಮಾತು ಎಷ್ಟೇ ಪ್ರಿಯವಾದರೂ ಆಡತಕ್ಕದ್ದಲ್ಲ. ನಿಜವಾದರೂ ಹಿತವಲ್ಲದ್ದನ್ನು ಆಡತಕ್ಕದ್ದಲ್ಲ. ನಿಜವೂ ಹಿತವೂ ಆದುದು ಕೇಳುವವನಿಗೆ ಅಪ್ರಿಯವಾಗಿದ್ದರೆ ಅದಕ್ಕೆ ತಕ್ಕ ಕಾಲವನ್ನು ಅರಿತು ಆಡಬೇಕು. ಗಮನಿಸಬೇಕಾದುದೆಂದರೆ, ನಿಜವೂ ಹಿತವೂ ಪ್ರಿಯವೂ ಆದ ಮಾತಿಗೂ ಅಲ್ಲಿ ಕಾಲದ ಕಟ್ಟುಪಾಡಿದೆ. ಹೊಗಳಿಕೆಯನ್ನೂ ಹೊತ್ತರಿತು ಕೊಡಬೇಕೆಂಬುದು ಇದರ ಇಂಗಿತ. ಗೀತೆಯ ಹದಿನೇಳನೆಯ ಅಧ್ಯಾಯವು ಉದ್ವೇಗವನ್ನು ಹುಟ್ಟಿಸದ, ಸತ್ಯವೂ ಪ್ರಿಯವೂ ಹಿತವೂ ಆದ ಮಾತನ್ನು ವಾಙ್ಮಯ ತಪಸ್ಸೆಂದು ಕರೆದಿರುವುದೂ, ಈ ಗುಣಗಳನ್ನು ಒಟ್ಟಿಗೆ ಹಿಡಿಯುವುದು ತಪಸ್ಸಿನಷ್ಟು ಕಷ್ಟವೆಂಬ ಅರಿವಿನಿಂದಲೇ ಇರಬೇಕು. ಹವ್ಯಾಸಿಗಳ ನಡುವೆ ಹೆಚ್ಚಾಗಿ ಕೇಳಿಬರುವ ದೋಷ ಕಠೋರತೆಯಲ್ಲ, ಎಲ್ಲ ಚಿತ್ರಕ್ಕೂ ‘ಅದ್ಭುತ’ ಎನ್ನುವ ಉದಾರವಾದ ಸುಳ್ಳು. ಅದು ಕೊಡುವವನಿಗೆ ಖರ್ಚಿಲ್ಲದ ದಾನ, ಪಡೆದವನಿಗೆ ಕಲಿಕೆಯ ಬಾಗಿಲನ್ನು ಮುಚ್ಚುವ ದಾನ. ಹಾಗೆ ಹೊಗಳಿಸಿಕೊಂಡವನು ತಾನೂ ಪ್ರತಿಯಾಗಿ ಹೊಗಳಬೇಕಾದ ಋಣಕ್ಕೆ ಬೀಳುವುದರಿಂದ, ಸ್ವಲ್ಪ ಕಾಲದಲ್ಲಿಯೇ ಇಡೀ ಗೆಳೆಯರ ಬಳಗ ಸತ್ಯಕ್ಕೆ ಹೊರತಾಗುತ್ತದೆ.

ಒಂದೇ ಸತ್ಯವನ್ನು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಲಾಗದೆಂಬುದಕ್ಕೆ ಶೂನ್ಯಸಂಪಾದನೆಯ ಅಲ್ಲಮಪ್ರಭುವಿಗಿಂತ ದೊಡ್ಡ ನಿದರ್ಶನ ಕನ್ನಡದಲ್ಲಿಲ್ಲ. ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ದುಃಖಿಸುತ್ತಿದ್ದ ಮುಕ್ತಾಯಕ್ಕನೊಡನೆ ಅಲ್ಲಮನು ಆಕೆಯ ಪ್ರಶ್ನೆಗಳಿಗೆ ಪ್ರತಿಯಾಗಿ ಮಾತು ಹೆಣೆಯುತ್ತ ಸಂವಾದ ನಡೆಸುತ್ತಾನೆ. ಸೊನ್ನಲಿಗೆಯಲ್ಲಿ ಕೆರೆ ಗುಡಿಗಳನ್ನು ಕಟ್ಟಿಸುವ ಪುಣ್ಯಕಾರ್ಯದಲ್ಲಿ ತೊಡಗಿದ್ದ ಸಿದ್ಧರಾಮನನ್ನಾದರೋ ಮಣ್ಣು ಹೊರುವ ಒಡ್ಡನೆಂದು ಕೆಣಕುವ ಮೂಲಕವೇ ಮಾತಿಗೆ ಎಳೆಯುತ್ತಾನೆ. ಒಬ್ಬರ ಮುಂದೆ ನೋವಿತ್ತು, ಇನ್ನೊಬ್ಬರ ಮುಂದೆ ಸಾಧನೆಯ ಹೆಮ್ಮೆಯಿತ್ತು. ಮದ್ದು ರೋಗಕ್ಕೆ ತಕ್ಕಂತೆ ಬದಲಾಯಿತು. ಈ ಕಥನದಿಂದ ಕಠೋರತೆಗೆ ಪರವಾನಗಿ ದೊರೆಯಿತೆಂದು ಭಾವಿಸುವವರು ಎರಡು ಅಂಶಗಳನ್ನು ಮರೆಯುತ್ತಾರೆ: ಅಲ್ಲಮನು ಕೆಣಕಿ ಹೊರಟುಹೋಗಲಿಲ್ಲ, ಸಿದ್ಧರಾಮನೊಡನೆ ನಿಂತು ಕಲ್ಯಾಣದವರೆಗೆ ಜೊತೆಯಾದನು, ಎರಡನೆಯದಾಗಿ, ಕೆಣಕಿನ ಗುರಿ ಸಿದ್ಧರಾಮನು ಇನ್ನೂ ಏರಬಲ್ಲ ಎತ್ತರವಾಗಿತ್ತು. ಮೊದಲ ಬಾರಿಗೆ ಮೊಬೈಲಿನಲ್ಲಿ ಹತ್ತಿಕುಣಿಯ ಸೂರ್ಯಾಸ್ತವನ್ನು ತೆಗೆದು ತಂದ ಹುಡುಗನಿಗೂ, ಹಲವು ಸಲೋನ್‌ಗಳಲ್ಲಿ ಪದಕ ಪಡೆದು ಒಂದೇ ಬಗೆಯ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತಿರುವ ಹಿರಿಯನಿಗೂ ಒಂದೇ ಮಾತು ಸಲ್ಲುವುದಿಲ್ಲ. ಹುಡುಗನಿಗೆ ದಿಗಂತದ ಗೆರೆ ಓರೆಯಾಗಿರುವುದನ್ನು ತೋರಿಸಿ, ಉಳಿದ ದೋಷಗಳನ್ನು ಮುಂದಿನ ಚಿತ್ರಗಳಿಗೆ ಬಿಟ್ಟುಕೊಟ್ಟರೆ ಸಾಕು. ಹಿರಿಯನಿಗೆ ಪದಕಗಳೇ ಕಣ್ಣಿಗೆ ಅಡ್ಡವಾಗಿವೆಯೆಂದು ಹೇಳುವ ಧೈರ್ಯ ಬೇಕು.

ಎಲ್ಲಿ ಹೇಳಬೇಕೆಂಬುದೂ ಧರ್ಮವಿಚಾರಕ್ಕೆ ಸೇರಿದೆ. ಜೈನರು ಸಮ್ಯಗ್ದರ್ಶನಕ್ಕೆ, ಅಂದರೆ ಸರಿಯಾದ ಶ್ರದ್ಧೆಗೆ, ಎಂಟು ಅಂಗಗಳನ್ನು ಹೇಳುತ್ತಾರೆ. ಅವುಗಳಲ್ಲಿ ಉಪಗೂಹನವೆಂದರೆ ಸಹಧರ್ಮಿಯ ದೋಷವನ್ನು ಜನರ ಮುಂದೆ ಹರಡದಿರುವುದು, ಸ್ಥಿತೀಕರಣವೆಂದರೆ ದಾರಿಯಿಂದ ಜಾರುತ್ತಿರುವವನನ್ನು ಮತ್ತೆ ಅದರಲ್ಲಿ ನೆಲೆಗೊಳಿಸುವುದು. ಎರಡೂ ಜೊತೆಯಾಗಿರುವುದರಲ್ಲಿ ವಿವೇಕವಿದೆ. ದೋಷವನ್ನು ಮುಚ್ಚಿ ಸುಮ್ಮನಾಗುವುದು ಉದಾಸೀನ, ದೋಷವನ್ನು ಎತ್ತಿತೋರಿಸಿ ಕೈಬಿಡುವುದು ಕ್ರೌರ್ಯ. ನಾಲ್ಕು ಜನರ ಮುಂದೆ ಗುಣವನ್ನು ಹೇಳಿ, ದೋಷವನ್ನು ಒಬ್ಬನೇ ಇದ್ದಾಗ ಹೇಳಿ, ಅದನ್ನು ತಿದ್ದಿಕೊಳ್ಳುವ ಬಗೆಯನ್ನು ಜೊತೆಗೆ ನಿಂತು ತೋರಿಸಿಕೊಡುವುದು ಇವೆರಡರ ನಡುವಿನ ಹಾದಿ.

ಸಲಕರಣೆಯ ಸಲಹೆಗೆ ಬಂದಾಗ ಶ್ರಾವಕಾಚಾರದ, ಅಂದರೆ ಜೈನ ಗೃಹಸ್ಥನ ನಡಾವಳಿಯನ್ನು ಹೇಳುವ ಶಾಸ್ತ್ರದ, ಎರಡು ವ್ರತಗಳು ನೇರವಾಗಿ ಸಂಬಂಧಿಸುತ್ತವೆ. ಮೊದಲನೆಯದು ಪರಿಗ್ರಹ ಪರಿಮಾಣ: ಗೃಹಸ್ಥನು ಎಲ್ಲವನ್ನೂ ತ್ಯಜಿಸಬೇಕಾಗಿಲ್ಲ, ಆದರೆ ತನಗೆ ಬೇಕಾದುದರ ಮಿತಿಯನ್ನು ತಾನೇ ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಕಂಪನಿಗಳು ಮೇಲಿಂದ ಮೇಲೆ ಹೊಸ ಮಾದರಿಗಳನ್ನು ಬಿಡುಗಡೆ ಮಾಡುವ, ಹಕ್ಕಿಚಿತ್ರಕ್ಕೆ ಒದಗುವ ದೊಡ್ಡ ಟೆಲಿ ಲೆನ್ಸ್‌ಗಳ ಬೆಲೆ ಲಕ್ಷಗಳಲ್ಲಿರುವ ಕಾಲದಲ್ಲಿ, ಮಿತಿ ಇಲ್ಲದವನ ಹವ್ಯಾಸ ಚಿತ್ರ ತೆಗೆಯುವುದರಿಂದ ವಸ್ತು ಕೊಳ್ಳುವುದಕ್ಕೆ ತಿಳಿಯದಂತೆಯೇ ಜಾರುತ್ತದೆ. ಎರಡನೆಯದು ಅನರ್ಥದಂಡ ವಿರತಿ, ಅಂದರೆ ಪ್ರಯೋಜನವಿಲ್ಲದೆ ಕೇಡು ತರುವ ಕ್ರಿಯೆಗಳಿಂದ ದೂರವಿರುವುದು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಇಂಥ ಕ್ರಿಯೆಗಳ ಐದು ಬಗೆಗಳಲ್ಲಿ ಪಾಪೋಪದೇಶವನ್ನು, ಅಂದರೆ ಕೇಡಿಗೆ ದಾರಿಮಾಡುವ ಸಲಹೆಯನ್ನು, ಒಂದಾಗಿ ಎಣಿಸುತ್ತದೆ. ತಾನು ಮಾಡದಿದ್ದರೂ ಇನ್ನೊಬ್ಬನು ಮಾಡುವಂತೆ ಹೇಳಿದ ಮಾತಿನ ಹೊಣೆ ಹೇಳಿದವನಿಗೂ ತಟ್ಟುತ್ತದೆ ಎಂಬ ಈ ತತ್ತ್ವದ ಬೆಲೆ ಹಕ್ಕಿಗಳ ಛಾಯಾಗ್ರಹಣದಲ್ಲಿ ಕಣ್ಣಿಗೆ ಕಟ್ಟುವಂತಿದೆ. ಇನ್ನೂ ಹತ್ತಿರ ಹೋಗಿ, ಗೂಡಿನ ಮುಂದಿನ ರೆಂಬೆಯನ್ನು ಸರಿಸಿ, ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಕರೆಯಿರಿ ಎಂಬ ಸಲಹೆಗಳು ಚಿತ್ರವನ್ನು ಚೆಂದಗಾಣಿಸಬಹುದು. ಆದರೆ ಮರೆ ಕಳೆದುಕೊಂಡ ಗೂಡಿನ ಮೊಟ್ಟೆ ಮರಿಗಳು ಈ ಸೀಮೆಯ ಬಿಸಿಲಿಗೂ ಬೇಟೆಗಾರ ಪ್ರಾಣಿಗಳ ಕಣ್ಣಿಗೂ ಬೀಳುತ್ತವೆ, ಕಾವಿಗೆ ಕೂತ ತಾಯಿ ಹೆದರಿ ಗೂಡನ್ನೇ ಬಿಟ್ಟುಹೋಗಬಹುದು. ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಈ ಕಾರಣದಿಂದಲೇ. ಬೋನಾಳದಲ್ಲಿ ಇರಲಿ, ಹತ್ತಿಕುಣಿಯಲ್ಲಿ ಇರಲಿ, ಹಕ್ಕಿ ತನ್ನ ಕೆಲಸವನ್ನು ನಿಲ್ಲಿಸಿ ತಲೆಯೆತ್ತಿ ನೋಡಿತೆಂದರೆ ಅಲ್ಲಿಗೆ ನಿಲ್ಲಬೇಕು ಎಂದು ಹೇಳಿಕೊಡುವುದು ಯಾವ ಲೆನ್ಸಿನ ಶಿಫಾರಸಿಗಿಂತಲೂ ಮೊದಲು ಬರಬೇಕಾದ ಪಾಠ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಸಲಕರಣೆಯನ್ನು ಕೀಳಾಗಿ ಕಾಣಬೇಕೆಂದು ಅರ್ಥವಾಗುವುದಿಲ್ಲ. ಸುರಪುರ ಸೀಮೆಯ ಮುದನೂರಿನವನೆಂದು ಪರಂಪರೆ ಹೇಳುವ ಆದ್ಯ ವಚನಕಾರ ದೇವರ ದಾಸಿಮಯ್ಯನು ನೇಕಾರನಾಗಿದ್ದನು. ಕಾಯಕವನ್ನೇ ಸಾಧನೆಯಾಗಿ ಕಂಡ ಶರಣ ಪರಂಪರೆಯಲ್ಲಿ ಮಗ್ಗ, ಅಟ್ಟೆ, ದೋಣಿ, ಹರಿಗೋಲುಗಳು ಹೊರೆಯಾದ ವಸ್ತುಗಳಾಗಿರದೆ ದಾಸೋಹದ ದಾರಿಗಳಾಗಿದ್ದವು. ಮಹಾನವಮಿಯ ಆಯುಧಪೂಜೆಯಂದು ಊರಿನ ಸ್ಟುಡಿಯೋಗಳಲ್ಲಿ ಕ್ಯಾಮೆರಾಗಳಿಗೂ ಕುಂಕುಮವಿಟ್ಟು ಹೂವೇರಿಸುವ ರೂಢಿಯಲ್ಲಿ ಇದೇ ಭಾವದ ಎಳೆಯಿದೆ. ಕರಣವು ಐದು ಕಾರಣಗಳಲ್ಲಿ ಒಂ‍ದೇ ಆದರೂ, ಅದೇ ಕೊರತೆಯಾಗಿರುವ ಸಂದರ್ಭಗಳೂ ಉಂಟು. ದೂರ ಇಮ್ಮಡಿಯಾದರೆ ಚಿತ್ರದಲ್ಲಿ ಹಕ್ಕಿಯ ಎತ್ತರ ಅರ್ಧಕ್ಕಿಳಿಯುತ್ತದೆ, ಅದನ್ನು ಸರಿದೂಗಿಸಲು ನಾಭಿದೂರವೂ ಇಮ್ಮಡಿಯಾಗಬೇಕು; ಹತ್ತಿರ ಹೋಗುವುದು ಹಕ್ಕಿಗೆ ತೊಂದರೆ ಕೊಡುವ ಕಡೆ ಉದ್ದದ ಲೆನ್ಸನ್ನು ಬಯಸುವುದು ಅಹಿಂಸೆಗೇ ಹತ್ತಿರವಾದ ಬಯಕೆ. ಮಸುಕು ಬೆಳಕಿನಲ್ಲಿ ಕೋಟೆಯ ಗೋಡೆಯನ್ನು ತೆಗೆಯಬೇಕೆಂದವನಿಗೆ ಹೊಸ ಕ್ಯಾಮೆರಾಕ್ಕಿಂತ ಗಟ್ಟಿಯಾದೊಂದು ಟ್ರೈಪಾಡ್ ಹೆಚ್ಚಿನ ಉಪಕಾರ ಮಾಡುತ್ತದೆ. ಆದ್ದರಿಂದ ಸಲಹೆಗೆ ಒಂದು ಕ್ರಮ ಬೇಕು: ಕೇಳಿದವನು ತನ್ನಲ್ಲಿರುವುದನ್ನು ಪೂರ್ತಿಯಾಗಿ ಬಳಸಿದ್ದಾನೆಯೇ ಎಂಬುದು ಮೊದಲು, ಅವನು ತೆಗೆಯಬೇಕೆಂದಿರುವ ಯಾವ ಚಿತ್ರ ಯಾವ ಕಾರಣದಿಂದ ಸಿಗುತ್ತಿಲ್ಲವೆಂಬುದು ಅನಂತರ, ಅದೇ ಕೊರತೆಯನ್ನು ಎರವಲು, ಬಾಡಿಗೆ ಅಥವಾ ಬಳಸಿದ ವಸ್ತುವಿನಿಂದ ತುಂಬಬಹುದೇ ಎಂಬುದು ಆಮೇಲೆ, ಹೊಸದನ್ನು ಕೊಳ್ಳುವ ಮಾತು ಎಲ್ಲಕ್ಕಿಂತ ಕೊನೆಗೆ. ಮಳೆಯನ್ನೂ ಕಾಲುವೆಯ ನೀರನ್ನೂ ನೆಚ್ಚಿದ ಹತ್ತಿ, ತೊಗರಿ, ಭತ್ತದ ಬೆಳೆಯ ಮೇಲೆ ಮನೆಯ ಆದಾಯ ನಿಂತಿರುವ ಸೀಮೆಯಲ್ಲಿ, ಕೊನೆಯ ಮಾತನ್ನು ಮೊದಲು ಆಡುವುದರ ಪರಿಣಾಮ ಒಂದು ಕುಟುಂಬದ ವರ್ಷದ ಲೆಕ್ಕವನ್ನೇ ಏರುಪೇರು ಮಾಡಬಲ್ಲದು.

ಹೇಳುವವನ ಹೊಣೆಯಷ್ಟೇ ಕೇಳುವವನ ಹೊಣೆಯೂ ಇದೆ. ಹೊಗಳಿಕೆಯನ್ನು ನಿರೀಕ್ಷಿಸಿ ವಿಮರ್ಶೆಯ ಹೆಸರಿನಲ್ಲಿ ಕೇಳುವವನು ಸುಳ್ಳನ್ನು ತಾನೇ ಆಹ್ವಾನಿಸುತ್ತಾನೆ. ಪಡೆದ ಸಲಹೆಯನ್ನು ಪ್ರಯೋಗಿಸಿ ನೋಡದೆ ಇನ್ನೊಬ್ಬರ ಬಳಿಗೆ, ಅಲ್ಲಿಂದ ಮತ್ತೊಬ್ಬರ ಬಳಿಗೆ ಹೋಗುವವನು ಸಲಹೆಯನ್ನೂ ಒಂದು ಪರಿಗ್ರಹವನ್ನಾಗಿ ಮಾಡಿಕೊಳ್ಳುತ್ತಾನೆ. ಪರರ ಓರೆಕೋರೆಗಳನ್ನು ತಿದ್ದ ಹೊರಡುವವರು ಮೊದಲು ತಮ್ಮ ತನುಮನಗಳ ಕಡೆ ತಿರುಗಬೇಕೆಂಬ ಬಸವಣ್ಣನ ಎಚ್ಚರಿಕೆ ಹೇಳುವವನಿಗೂ ಕೇಳುವವನಿಗೂ ಸಮಾನವಾಗಿ ಸಲ್ಲುತ್ತದೆ. ಸಲಹೆ ಕೊಡುವವನು ದಾಸೋಹಿಯಂತೆ, ಅಂದರೆ ಕೊಡುವಾಗ ತಾನು ದೊಡ್ಡವನೆಂಬ ಭಾವವನ್ನು ಕಳೆದುಕೊಂಡು, ಕೊಡಬೇಕು. ತನ್ನ ಮಾತನ್ನು ಗೆಳೆಯನು ಒಪ್ಪದಿದ್ದರೆ ಬೇಸರಗೊಳ್ಳುವುದಕ್ಕೆ ಅವನಿಗೆ ಹಕ್ಕಿಲ್ಲ, ಏಕೆಂದರೆ ಚಿತ್ರವೂ ಹಣವೂ ಗೆಳೆಯನವು.

ಒಟ್ಟಿನಲ್ಲಿ, ಸಹ ಹವ್ಯಾಸಿಗೆ ಹೇಳುವ ಮಾತು ನಿಜವಾದ ಕಾರಣವನ್ನು ಹುಡುಕಿದ್ದಾಗಿರಬೇಕು, ಅವನ ನಿಲುವನ್ನು ಕೇಳಿ ಹೊರಟದ್ದಾಗಿರಬೇಕು, ಹಿತವೂ ಕಾಲೋಚಿತವೂ ಆಗಿರಬೇಕು, ಕೊಳ್ಳುವ ಆಸೆಯನ್ನು ಕೆರಳಿಸದೆ ಮಿತಿಯನ್ನು ಕಾಣಿಸಬೇಕು, ಚೌಕಟ್ಟಿನೊಳಗಿನ ಜೀವಿಗೆ ಕೇಡನ್ನು ತರಬಾರದು. ಈ ಮಾನಗಳಿಗೆ ನಿಲ್ಲದ ಸಲಹೆಯನ್ನು ಹೇಳದೆ ಉಳಿಸಿಕೊಳ್ಳುವುದೇ ಮೇಲು. ನಿಲ್ಲುವ ಸಲಹೆಯ ಗುರುತು ಸ್ಪಷ್ಟವಾಗಿದೆ: ಅದನ್ನು ಪಡೆದವನು ಮುಂದಿನ ಸಲ ಅದೇ ಪ್ರಶ್ನೆಯನ್ನು ಕೇಳಲು ಬರುವುದಿಲ್ಲ, ತಾನೇ ಉತ್ತರಿಸಿಕೊಳ್ಳುತ್ತಾನೆ. ಹವ್ಯಾಸಿ ಗೆಳೆಯರು ತಮ್ಮ ಮಾತನ್ನು ಈ ಒಂದು ಗುರುತಿನಿಂದ ಅಳೆದುಕೊಳ್ಳುವ ರೂಢಿಯನ್ನು ಬೆಳೆಸಿಕೊಳ್ಳಲಿ.